ಇಳಿದದ್ದು ಷೇರು, ನಿಂತದ್ದು ನಿನ್ನ ಫೋನು

ಅಡುಗೆಕೋಣೆಯ ಮೇಜಿನಿಂದ,
ಮಾರ್ಚ್ ೧೨, ಗುರುವಾರ

ಪ್ರೀತಿಯ ಬಾಯಿಬಡುಕನಿಗೆ,

ಅಜ್ಜಿಯ ಆಶೀರ್ವಾದಗಳು. ಹಡಗಿನಲ್ಲಿ ಹೊಟ್ಟೆತುಂಬ ಉಣ್ಣುತ್ತಿದ್ದೀಯಾ? ಎಂಜಿನ್ ಕೋಣೆಯ ಸೆಕೆಗೆ ಬೆನ್ನ ಮೇಲೆ ಎದ್ದಿದ್ದ ಬೆವರುಸಾಲೆ ವಾಸಿಯಾಯಿತೇ? ಆಗಿದ್ದರೆ ಒಳ್ಳೆಯದು, ಏಕೆಂದರೆ ಮುಂದಿನದನ್ನು ಓದಿದರೆ ಮತ್ತೆ ಮೈ ಉರಿಯುತ್ತದೆ. ನನಗೆ ಮಂಡಿನೋವು ಹಾಗೇ ಇದೆ, ಕಣ್ಣು ಪರವಾಗಿಲ್ಲ, ಕಿವಿ ಮಾತ್ರ ಬಹಳ ಚೆನ್ನಾಗಿದೆ. ಆ ಕಿವಿಯ ವಿಷಯಕ್ಕೇ ಬರುತ್ತೇನೆ.

ಕಳೆದ ಭಾನುವಾರ ನಿನ್ನ ಅಮ್ಮ ಫೋನನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ಬಟ್ಟೆ ನೆನೆಹಾಕುತ್ತಾಳೇನೋ ಎಂದು ನಾನು ಸೋಪಿನಪುಡಿ ಡಬ್ಬ ಹಿಡಿದು ಬಾಗಿಲ ಹೊರಗೆ ನಿಂತೆ. ನೀರಿನ ಸದ್ದಿನ ನಡುವೆ "ಇನ್ನು ನಿನ್ನ ಸರದಿ" ಎಂದಳು. ಆಮೇಲೆ ಹ್ಞೂಂ, ಹ್ಞೂಂ ಎಂದಳು. ಮತ್ತೇನೋ ಹೇಳಿ ಮತ್ತೆ "ಇನ್ನು ನಿನ್ನ ಸರದಿ". ಆ ಮಾತು ಯಾರದ್ದೋ? ನಮ್ಮಿಬ್ಬರದ್ದು. ನಿನ್ನ ಹಡಗಿನ ಸ್ಯಾಟಲೈಟ್ ಫೋನಿನಲ್ಲಿ ಮಾತು ಆಕಾಶ ಹತ್ತಿ ಇಳಿಯುವಷ್ಟರಲ್ಲಿ ತಡವಾಗಿ, ನಾವಿಬ್ಬರೂ ಒಟ್ಟಿಗೇ ಬಾಯಿ ಹಾಕಿ ಇಬ್ಬರದ್ದೂ ಹಾಳಾಗುತ್ತಿತ್ತು. ಅದಕ್ಕೇ ಮಾತು ಮುಗಿಸಿದವರು ಹಾಗೆ ಹೇಳಬೇಕೆಂದು ಕಟ್ಟು ಮಾಡಿದವಳು ನಾನು. ನಾನು ಹುಟ್ಟಿಸಿದ ಮಾತನ್ನು ನನ್ನ ಮನೆಯ ಬಚ್ಚಲಲ್ಲೇ ನನಗೆ ಕೇಳಿಸದಂತೆ ಆಡುತ್ತೀರಾ?

ಹೊರಗೆ ಬಂದವಳನ್ನು ಅಲ್ಲೇ ಹಿಡಿದೆ. "ಏನ್ ಮಾಡ್ಲಿ ಅತ್ತೆ, ಅವನೇ ಹೇಳಿದ್ದು. ಷೇರು ಮೇಲೆ ಬರೋವರೆಗೂ ಅಜ್ಜಿಗೆ ಫೋನ್ ಕೊಡ್ಬೇಡ, ನಂಗೆ ಮುಖ ಇಲ್ಲ ಅಂತ" ಎಂದು ಅತ್ತಳು. ಮುಖ ಇಲ್ಲವಂತೆ! ಆ ಫೋನಿನಲ್ಲಿ ಮುಖ ಎಲ್ಲಿ ಕಾಣುತ್ತದೋ, ಪೆದ್ದ? ಬರುವುದು ಬರೀ ದನಿ. ನನಗೆ ಬೇಕಾಗಿದ್ದುದೂ ಅಷ್ಟೇ.

ಈಗ ಷೇರಿನ ಮಾತು. ಹೋದ ರಜೆಯಲ್ಲಿ ಬಂದಾಗ, ನಾನು ಲಾಂಡ್ರಿ ಮಾರಿದ ದುಡ್ಡು ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿದೆ ಎಂದು ಕಣ್ಣು ಹಾಕಿದವನು ನೀನು, ನಿಜ. "ಅಜ್ಜೀ, ಮೊಬೈಲ್ ಕಂಪನೀದು ಸ್ವಲ್ಪ ತಗೋ, ಸ್ಯಾಟಲೈಟ್ ಫೋನ್ ಕಂಪನೀದು ಜಾಸ್ತಿ ತಗೋ. ಟವರ್ ಇಲ್ದಿರೋ ಕಡೆ ಎಲ್ಲಾ ಇದೇ ಗತಿ. ನಾವು ಹಡಗಿನವರು ಇನ್ನೆಲ್ಲಿಗ್ ಹೋಗ್ತೀವಿ ಹೇಳು" ಎಂದೆ. ಆದರೆ ನಾನೇನು ಹಾಲು ಕುಡಿಯುವ ಮಗುವೇ? ಷೇರಿನ ಆಫೀಸಿಗೆ ನನ್ನ ಕಾಲಲ್ಲೇ ನಡೆದು ಹೋದೆ. ಇಳಿಯಲೂಬಹುದು ಎಂದು ಬ್ರೋಕರ್ ಬಿಡಿಸಿ ಹೇಳಿದ ಮೇಲೂ ನನ್ನ ಕೈಯಲ್ಲೇ ಸಹಿ ಹಾಕಿದೆ. ಇಸ್ತ್ರಿ ಮಾಡುವಾಗ ಷರ್ಟು ಸುಟ್ಟರೆ ಅದು ಪೆಟ್ಟಿಗೆ ಹಿಡಿದವರ ತಪ್ಪು, ಷರ್ಟು ತಂದುಕೊಟ್ಟವರದ್ದಲ್ಲ. ಹೊಸದಾಗಿ ಮೇಲೆ ಬಿಟ್ಟ ಉಪಗ್ರಹ ಕೆಟ್ಟು ನಿಂತು ಷೇರು ಅರ್ಧಕ್ಕೆ ಬಂತಂತೆ. ಆ ಉಪಗ್ರಹವನ್ನು ನೀನು ಬಿಟ್ಟೆಯಾ? ಮತ್ತೇಕೆ ಕದ್ದು ಕೂರುವುದು?

ನೀನು ಫೋನ್ ನಿಲ್ಲಿಸಿದಾಗ ನಾನು ಪಟ್ಟ ಪಾಡು ಕೇಳು. ನಿನ್ನ ಅಮ್ಮ "ಸಿಗ್ನಲ್ ಇಲ್ಲ ಅತ್ತೆ" ಎನ್ನುವಳು. ಟಿವಿಯಲ್ಲಿ ಸಮುದ್ರ ಕಂಡರೆ ಸಾಕು, ನಾನು ಎದ್ದು ಒಳಗೆ ಹೋಗುವೆ. ಕೊನೆಗೆ ತಡೆಯಲಾರದೆ ಆ ಸ್ಯಾಟಲೈಟ್ ಫೋನ್ ಕಂಪನಿಗೇ ಫೋನ್ ಮಾಡಿದೆ. "ನಾನು ನಿಮ್ಮ ಕಂಪನಿ ಒಡತಿ. ನನ್ನ ಮೊಮ್ಮಗನ ಹಡಗಿಗೆ ಲೈನ್ ಕೊಡಮ್ಮ" ಎಂದೆ. ಷೇರು ಇದ್ದವರೆಲ್ಲ ಒಡೆಯರೇ ಎಂದು ತಲೆಗೆ ತುಂಬಿದವನು ನೀನೇ ತಾನೇ? ಫೋನ್ ಎತ್ತಿದ ಹುಡುಗಿ ಒಡತಿಗೆ ಪೀಪಿ ಸಂಗೀತ ಕೇಳಿಸಿ ಕೂರಿಸಿ, ಆಮೇಲೆ ಬಂದು "ಲೈನ್ ಸರಿಯಾಗೇ ಇದೆ ಅಮ್ಮಾ" ಎಂದಳು. ಸರಿಯಾಗಿಯೇ ಇತ್ತು. ಕೆಟ್ಟದ್ದು ನಿನ್ನ ಬುದ್ಧಿ.

ಇತ್ತ ನಿನ್ನ ಅಪ್ಪ ಊಟಕ್ಕೆ ಕೂತಾಗಲೆಲ್ಲ ಮೊಬೈಲ್ ತೆರೆದು ಆ ದಿನದ ಬೆಲೆ ಓದುತ್ತಾನೆ. "ನೋಡಮ್ಮ, ನಿನ್ನ ಮುದ್ದಿನ ಮೊಮ್ಮಗನ ಘನಕಾರ್ಯ. ಮಾರಿ ಬಿಸಾಕು" ಎನ್ನುತ್ತಾನೆ. ನಿನ್ನನ್ನು ಬೈಯುವ ಹಕ್ಕು ನನ್ನದು, ಅವನಿಗೆ ಯಾರು ಕೊಟ್ಟರು? ಮಾರುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದೇನೆ. ಮಾರಿದರೆ ನೀನು ತಪ್ಪು ಮಾಡಿದೆ ಎಂದು ನಾನೇ ಬರೆದುಕೊಟ್ಟ ಹಾಗೆ.

ಮೈ ಗಟ್ಟಿಯಾಗಿರಲಿ, ಹೊಟ್ಟೆ ತಣ್ಣಗಿರಲಿ, ಬುದ್ಧಿ ಆದಷ್ಟು ಬೇಗ ಬರಲಿ. ಹಡಗಿನ ಅಡುಗೆಯವರಿಗೆ ನನ್ನ ನಮಸ್ಕಾರ ಹೇಳು. ನಿನಗೆ ಹೇಳುವುದಿಲ್ಲ.

ನಿನ್ನ ಮೇಲೆ ಕೆಂಡವಾಗಿರುವ,
ಅಜ್ಜಿ

ವಿ.ಸೂ.: ಅಂಟಿಸಿದ್ದ ಕವರು ಹರಿದು ಬರೆಯುತ್ತಿದ್ದೇನೆ, ಅಂಚೆ ಡಬ್ಬ ತೆಗೆಯುವ ಹೊತ್ತಾಯಿತು. ಈಗಷ್ಟೇ ಷೇರಿನ ಆಫೀಸಿಗೆ ಹೋಗಿ ಎರಡು ಕಂಪನಿಯದ್ದೂ ಮಾರಿ ಬಂದೆ. ನಿನ್ನ ಅಪ್ಪ ಹೇಳಿದನೆಂದಲ್ಲ. ಷೇರು ಮೇಲೆ ಬರುವವರೆಗೂ ಅಜ್ಜಿಯ ಹತ್ತಿರ ಮಾತಿಲ್ಲ ಎಂದೆಯಲ್ಲ? ಈಗ ಮೇಲೆ ಬರಲು ಷೇರೇ ಇಲ್ಲ, ಏನು ಮಾಡುತ್ತೀಯೋ ಮಾಡು. ಇನ್ನು ಪ್ರತಿ ಭಾನುವಾರ ನಿನ್ನ ಅಮ್ಮನ ಫೋನು ಕಿತ್ತುಕೊಂಡು ನಾನೇ ಬಚ್ಚಲಲ್ಲಿ ಚಿಲಕ ಹಾಕಿ ಕೂರುತ್ತೇನೆ. ನಲ್ಲಿ ಬಿಡುವುದಿಲ್ಲ. ಇನ್ನು ನಿನ್ನ ಸರದಿ.