ಒರೆಸಿದ ಕುಂಕುಮ

ಫೆಬ್ರುವರಿ 7, ಶನಿವಾರ

ನಾಳೆ ಉದಗೀರದ ಚಿತ್ರೋತ್ಸವ. ದೊಡ್ಡ ಮರಾಠಿ ಸಿನಿಮಾಗೆ ಮೊದಲು ನಮ್ಮಂಥವರ ಕಿರುಚಿತ್ರಗಳು. ನನ್ನದರಲ್ಲಿ ವಿಧವೆಯ ಪಾತ್ರ ಅವ್ವನದೇ. ಬೇರೆ ಯಾರೂ ಒಪ್ಪಲಿಲ್ಲವೆಂದು, ಅಪ್ಪ ಬದುಕಿರುವಾಗಲೇ ಅವಳ ಕುಂಕುಮ ಒರೆಸಿ ಬಳೆ ಒಡೆಸಿದೆ. ಅವ್ವ ನಟಿಸಿದ್ದು ಅಪ್ಪನಿಗೆ ಗೊತ್ತು, ವಿಧವೆಯಾಗಿ ಎಂಬುದು ಗೊತ್ತಿಲ್ಲ.

ಸಂಜೆ, ಕುರಿ ಮೇಯಿಸಲು ಜಳಕೋಟದ ಕಡೆ ಹೋಗಿರುವ ಅಪ್ಪನ ಫೋನು. "ಕುರಿ ಅಂಬಣ್ಣನ ಕಡಿ ಬಿಟ್ಟು ಈಗ ಗಾಡಿ ಮ್ಯಾಗ ಹೊಂಟೀನಿ. ನಿಮ್ಮವ್ವನ ಪಿಚ್ಚರ ನೋಡ್ಬೇಕಲ್ಲ."

ಫೋನಿಟ್ಟು ಅವ್ವನ ಕಡೆ ತಿರುಗಿದೆ. "ಅಪ್ಪ ಬೈತಾನೇನವ್ವಾ?" ಎಂದೆ.

ಆ ಶೂಟಿಂಗಿನ ದಿನದಿಂದ ಅವ್ವ ಹಣೆ ತುಂಬ ಕುಂಕುಮ ಹಚ್ಚುತ್ತಾಳೆ. "ಬೈಲಿ, ಹೊಡೀಲಿ. ಮೊದ್ಲ ಮನಿಗಿ ಬರಲಿ," ಎಂದಳು.

ಬೈಗುಳದ ಭಯ ಅಲ್ಲಿಗೇ ಹೋಯಿತು. ಅದಕ್ಕಿಂತ ದೊಡ್ಡದೊಂದು ಬಂದು ಕೂತಿದೆ. ರಾತ್ರಿಯಾಯಿತು, ಅಪ್ಪ ಬರುವ ಹೊತ್ತು ಮೀರಿದೆ; ಅವನ ಫೋನು ಹತ್ತುತ್ತಿಲ್ಲ.

ಹೊರಗೆ ಗಾಡಿ ನಿಂತ ಸದ್ದಾಯಿತು. ಅಪ್ಪನಾದರೆ ಅಂಗಳದಲ್ಲೇ ಕೆಮ್ಮುತ್ತಾನೆ. ಯಾರೋ ಮೆಲ್ಲಗೆ ಬಾಗಿಲು ಬಡಿಯುತ್ತಿದ್ದಾರೆ. ಅವ್ವ ಹಣೆಯ ಕುಂಕುಮ ಮುಟ್ಟಿಕೊಂಡು ಕೂತಿದ್ದಾಳೆ, ಏಳುತ್ತಿಲ್ಲ. ನಾನೇ ಹೋಗಿ—