ದೂರದಿಂದ ಬಂದವರಿಗೆ ನೀರು

೧೯೩೪ ಏಪ್ರಿಲ್ ೧೦, ಬೆಳಿಗ್ಗೆ. ಇತ್ತಲಾರ್

ಕಾಫಿ. ಕ್ಷೌರ. ಹಾಜರಿ ಪುಸ್ತಕಕ್ಕೆ ಗೆರೆ ಎಳೆದದ್ದಾಯಿತು. ಗುರುವಾರ ಮಕ್ಕಳನ್ನು ಊಟಿ ಸ್ಟೇಷನ್ನಿಗೆ ಕರೆದೊಯ್ಯಬೇಕು. ನೇಚರ್ ಸ್ಟಡಿ. ಕಡಲಿನ ದೊಡ್ಡ ಸಿಗಡಿ—ದೊರೆಗಳ ಲಾಬ್‌ಸ್ಟರ್—ಕಲ್ಲಿಕೋಟೆಯಿಂದ ಜೀವಂತ ಬರುತ್ತದೆ, ಸೀಸನ್ನಿನ ಹೋಟೆಲಿಗೆ. ವ್ಯಾಪಾರಿ ಕೃಷ್ಣನ್ ಎಲ್ಲ ತೋರಿಸುತ್ತಾನಂತೆ. ತರಗತಿಯಲ್ಲಿ ಕಡಲು ಕಂಡವರಿಲ್ಲ. ನಾನೂ ಕಂಡಿಲ್ಲ—ಹೇಳಿಲ್ಲ.

ಲಿಂಗಿಯ ಅಪ್ಪ ಮಾದನ್ ಗೌಡರು ಒಪ್ಪಿದ್ದು ಕಷ್ಟದಲ್ಲಿ. ನಾಲ್ಕನೇ ಕ್ಲಾಸಿನಲ್ಲಿ ಅವಳೊಬ್ಬಳೇ ಹುಡುಗಿ.

"ಒಂದು ದೂರು ಬಂದರೆ ಸಾಕು ಮಾಸ್ಟ್ರೆ, ನಾಳೆಂದ ಕೂಸು ಹೊಲಗೇ."

ಜವಾಬ್ದಾರಿ ನನ್ನದು ಎಂದೆ.

೧೩, ಬೆಳಿಗ್ಗೆ

ಕಾಲು ನೋವು. ನಿನ್ನೆ ಹೋಗಿ ಬಂದೆವು. ಹನ್ನೊಂದು ಮಕ್ಕಳು, ಹೋಗಲು ಒಂಬತ್ತು ಮೈಲಿ, ಬರಲು ಒಂಬತ್ತು.

ಕೃಷ್ಣನ್ ಒದ್ದೆ ಗೋಣಿ ಸುತ್ತಿದ ಬುಟ್ಟಿ ಬಿಚ್ಚಿದ. ಎಂಟು. ಮೈತುಂಬ ಮುಳ್ಳು, ಮೈಗಿಂತ ಉದ್ದ ಮೀಸೆ.

"ಮಾಸ್ಟ್ರ ಮೀಸೆ ಸೋತ್ತು!" ಎಂದ ರಂಗ. ಎಲ್ಲರೂ ನಕ್ಕರು.

"ಕಲ್ಲಿನ ಸಂದೀಲಿ ಇರುತ್ತೆ," ಎಂದ ಕೃಷ್ಣನ್. "ಸಂಜೆ ಬಲೆ ಬಿಟ್ಟು ಬೆಳಿಗ್ಗೆ ಎತ್ತೋದು. ಹೋಟೆಲ್ ಬಟ್ಲರ್ ಕೈಯಲ್ಲಿ ಹಿಡಿದು ನೋಡ್ತಾನೆ. ಬಾಲ ಬಡಿದರೆ ಸರಿ. ಇಲ್ಲಾಂದ್ರೆ ಬುಟ್ಟೀನೂ ವಾಪಸ್, ನಾನೂ ವಾಪಸ್."

ರುಜು ಹಾಕಲು ಗೂಡ್ಸ್ ಆಫೀಸಿಗೆ ಹೋದ. ತಡವಾಯಿತು. ಲಿಂಗಿ ಬುಟ್ಟಿಯ ಪಕ್ಕದಿಂದ ಏಳಲಿಲ್ಲ.

"ಎರಡು ದಿನ ಆತು, ಹೊರಟು. ದೂರಂದ ಬಂದವಕ ಮೊದಲು ನೀರು ತಾನೆ, ಮಾಸ್ಟ್ರೆ?"

ಹಟ್ಟಿಯ ಪದ್ಧತಿ ಅದು. ಹೊಸಿಲಿಗೆ ಬಂದವರಿಗೆ ಮಾತಿಗೂ ಮುಂಚೆ ನೀರು. ನೀರಿನ ಪ್ರಾಣಿ ನೀರಲ್ಲೇ ಉಸಿರಾಡುತ್ತದೆಂದು ಪಾಠ ಮಾಡಿದವನು ನಾನು. ಕೊಡು, ಎಂದೆ.

ನಲ್ಲಿಯ ಕೆಳಗಿನ ತೊಟ್ಟಿಗೆ ಎಂಟನ್ನೂ ಬಿಟ್ಟರು. ಚಡಪಡಿಸಿದವು. ಖುಷಿ ಎಂದುಕೊಂಡೆವು. ಅರ್ಧ ಗಂಟೆಯ ಮೇಲೆ ಒಂದೂ ಅಲುಗಲಿಲ್ಲ. ಆಗ ಕೃಷ್ಣನ್ ವಾಪಸ್ ಬಂದ.

"ಅಯ್ಯೋ, ಸತ್ತವಲ್ಲ ಮಾಷೇ! ಉಪ್ಪುನೀರಿನ ಜೀವ! ಸಿಹಿನೀರು ಇದಕ್ಕೆ ವಿಷ! ಯಾರು ಮಾಡಿದ್ದು?"

ಎಲ್ಲರೂ ಲಿಂಗಿಯನ್ನು ನೋಡಿದರು. ನಾನೂ.

೧೬

ಹಾಜರಿ ಹತ್ತು. ಸುದ್ದಿ ಹಟ್ಟಿ ಮುಟ್ಟಿದೆ. ಲಿಂಗಿ ಆಲೂಗಡ್ಡೆ ಹೊಲದಲ್ಲಿದ್ದಾಳಂತೆ, ರಂಗ ಹೇಳಿದ.

೧೯

ಹತ್ತೇ. ಅವಳ ಹೆಸರನ್ನು ಮಾತ್ರ ದಿನವೂ ಕೂಗುತ್ತೇನೆ... ಉತ್ತರಕ್ಕೆ ಕಾಯುವಷ್ಟು ಹೊತ್ತು ನಿಲ್ಲುತ್ತೇನೆ.

೨೧, ಮಧ್ಯಾಹ್ನ

ಹೊಲಕ್ಕೆ ಹೋದೆ. ಗೌಡರು ಗುದ್ದಲಿ ಊರಿ ನಿಂತರು. ಎರಡು ಸಾಲು ಆಚೆ ಲಿಂಗಿ, ಬೆನ್ನು ಹಾಕಿ.

ನೀರು ಕೊಡು ಎಂದದ್ದು ನಾನು, ಎಂದೆ. ಸಿಹಿನೀರು ಆಗದೆಂದು ನನಗೇ ತಿಳಿದಿರಲಿಲ್ಲ. ಕಡಲನ್ನೇ ಕಂಡಿಲ್ಲ.

"ಮಾಸ್ಟ್ರಿಗೇ ಗೊತ್ತಿಲ್ಲೆಯಾ?"

"ಇಲ್ಲ."

ಗುದ್ದಲಿ ಕೆಳಗಿಟ್ಟರು. ಆಮೇಲೆ ನಗು, ಹೊಟ್ಟೆ ಹಿಡಿದುಕೊಂಡು.

"ಕೂಸೇ, ಬಾ ಇಲ್ಲಿ! ಓದಿದವಕೇ ಇಷ್ಟು ಬಾಕಿ ಇದ್ದರೆ ನೀ ಇನ್ನೂ ಸುಮಾರು ವರ್ಷ ಓದಬೇಕು. ಹೋಗು, ಕೈ ತೊಳಿ."

ಹೋಟೆಲಿಗೂ ಇಂಗ್ಲಿಷಿನಲ್ಲಿ ಒಂದು ಪತ್ರ ಹಾಕಿದೆ: ಮಾಲು ಜೀವಂತವೇ ಬಂದಿತ್ತು, ಕೊಂದವನು ಮೇಷ್ಟ್ರು. ಊಟ ರುಚಿಸಿತು.

ಮೇ ೩, ಸಂಜೆ

ಕೃಷ್ಣನ್ ಶಾಲೆಗೇ ಬಂದ. ಪತ್ರ ನೋಡಿ ಹೋಟೆಲು ಅವನ ವ್ಯಾಪಾರ ಬಿಟ್ಟಿಲ್ಲ. ಈ ಸಲದ ಎಂಟೂ ಬಾಲ ಬಡಿದವಂತೆ, ಬಟ್ಲರನ ಮುಖಕ್ಕೇ ನೀರು ಎರಚಿ. ಮಕ್ಕಳಿಗೆಂದು ಒಂದು ಸೀಸೆ ಕಡಲ ನೀರು ತಂದಿದ್ದ. ಒಬ್ಬೊಬ್ಬರ ನಾಲಿಗೆಗೆ ಒಂದು ಹನಿ. ರಂಗ ಕಿಟಕಿಗೆ ಓಡಿ ಉಗುಳಿದ. ನಾನೂ ನೆಕ್ಕಿದೆ. ಕಡಲು. ಸದ್ಯಕ್ಕೆ ಇಷ್ಟು ಸಾಕು.

ಲಿಂಗಿ ಶಾಲೆ ಹಿಂದಿನ ಒರತೆಯಿಂದ ಚೊಂಬು ತುಂಬಿ ತಂದು ಕೃಷ್ಣನ್ ಮುಂದೆ ಹಿಡಿದಳು.

"ಇದು ಕುಡಿದರೆ ನನ್ನ ಬಾಲ ನಿಂತುಹೋಗಲ್ಲ ತಾನೆ, ಮೋಳೇ, ಮಗಳೇ?"

ತರಗತಿ ಹೋ ಎಂದಿತು. ಅವಳು ನಗಲಿಲ್ಲ, ಕೈಯನ್ನು ಹಿಂದಕ್ಕೂ ತೆಗೆಯಲಿಲ್ಲ. ಅವನು ತಲೆಯೆತ್ತಿ ಕೊನೆಯ ಹನಿಯವರೆಗೂ ಕುಡಿದ. ಬಾಯಿ ಒರೆಸಿಕೊಂಡು, ಇನ್ನೊಂದು ಚೊಂಬು, ಎಂದ. ಆಗ ಅವಳು ನಕ್ಕು, ಚೊಂಬು ಹಿಡಿದು ಒರತೆಗೆ ಓಡಿದಳು.