ಷಡ್ಡಕನ ಬೀದಿ

ಪ್ರೀತಿಯ ಭಾವನವರಿಗೆ,

ಬರುವ ಭಾನುವಾರ ನಮ್ಮೆಜಮಾನರು ನಿಮ್ಮ ಮನೆಗೆ ಬರುತ್ತಿದ್ದಾರೆ. ಗಾಬರಿಯಾಗಬೇಡಿ, ಜಗಳಕ್ಕಲ್ಲ. ಬಂದ ವಿಷಯ ಅವರ ಬಾಯಿಂದ ಹೊರಡುವುದು ಕಷ್ಟ, ಅದಕ್ಕೇ ನಾನು ಮೊದಲೇ ಬರೆಯುತ್ತಿದ್ದೇನೆ.

ಊರಾಚೆ ದೊಡ್ಡ ಮಳಿಗೆಗಳು ಎದ್ದ ಮೇಲೆ ನಮ್ಮ ಪೇಟೆಬೀದಿ ಹೇಗಾಗಿತ್ತು, ನೆನಪಿದೆಯಲ್ಲ? ಕನ್ನಡಕದ ಅಂಗಡಿಯಲ್ಲಿ ನಾವು ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರುತ್ತಿದ್ದೆವು. ಆಗ ನೀವು ನಗರಸಭೆಯ ಸದಸ್ಯರು. ಸರ್ಕಾರದ ಬಾಗಿಲು ತಟ್ಟಿ ತಟ್ಟಿ ಬೀದಿಯ ದುರಸ್ತಿಗೆ ಹಣ ತಂದಿರಿ. "ಜನರ ತೆರಿಗೆ, ಜನ ನಡೆಯೋ ಬೀದಿಗೇ ಬರ್ಲಿ" ಅಂದಿರಿ. ಬೀದಿ ಅಗೆದದ್ದೇ ಅಗೆದದ್ದು. ಗುಂಡಿಗೆ ಹಾಸಿದ ಹಲಗೆಯ ಮೇಲೆ ಕಾಲಿಟ್ಟು ಅಂಗಡಿಗೆ ಬರುವ ಧೈರ್ಯ ಯಾವ ಗಿರಾಕಿಗಿತ್ತು? ಎದುರಿನ ಚಪ್ಪಲಿ ಅಂಗಡಿಯ ಹಿರಿಯರು ಬಾಗಿಲು ಮುಚ್ಚಿದವರು ಆ ಪೆಟ್ಟಿನಿಂದ ಏಳಲೇ ಇಲ್ಲ. ಅದನ್ನು ನಿಮ್ಮಿಂದ ಮುಚ್ಚಿಡಲಾರೆ.

ಆ ಸಿಟ್ಟಿನಲ್ಲೇ ಇವರು ವ್ಯಾಪಾರಿಗಳ ಸಭೆಯಲ್ಲಿ ಎದ್ದು ನಿಂತು, "ಬೇಲಿನೇ ಎದ್ದು ಹೊಲ ಮೇಯ್ತು! ಷಡ್ಡಕ ಅಂತ ನಂಬಿದ್ದಕ್ಕೆ ನಮ್ಮ ಹೊಟ್ಟೆ ಮೇಲೇ ಹೊಡೆದ್ರು" ಎಂದು ಕೂಗಿದರು. ಮುಂದಿನ ಚುನಾವಣೆಯಲ್ಲಿ ನೀವು ಸೋತಿರಿ. ಅಕ್ಕನನ್ನು ಕರೆದುಕೊಂಡು ಊರು ಬಿಟ್ಟಿರಿ. ಅಂದಿನಿಂದ ನಮ್ಮ ಮನೆಯಲ್ಲಿ ನಿಮ್ಮ ಹೆಸರೆತ್ತಿದರೆ ಇವರಿಗೆ ಥಟ್ಟನೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು.

ಈಗಿನ ಬೀದಿಯನ್ನು ನೀವು ನೋಡಬೇಕು ಭಾವ. ಮುಚ್ಚಿದ್ದ ಬ್ಯಾಂಕು ಗ್ರಂಥಾಲಯವಾಗಿದೆ. ಓದುವವರು ಹೆಚ್ಚಿದರೆ ಕನ್ನಡಕ ಬೇಕೇ ಬೇಕಲ್ಲ! ಅಂಗಡಿಗಳ ಮೇಲೆ ಪಾಳು ಬಿದ್ದಿದ್ದ ಕೋಣೆಗಳನ್ನು ನಗರಸಭೆಯೇ ಸರಿಮಾಡಿಸಿ ಬಾಡಿಗೆಗೆ ಕೊಟ್ಟಿದೆ. ನಮ್ಮ ತಲೆಯ ಮೇಲೆ ಒಬ್ಬ ನರ್ಸ್, ಅವಳ ತಾಯಿ. ಸಂಜೆ ಆ ತಾಯಿ ಕೆಳಗಿಳಿದು ನೀವು ಮಾಡಿಸಿದ ಅಗಲವಾದ ಕಾಲುದಾರಿಯ ಬೆಂಚಿನಲ್ಲಿ ಕೂತರೆ, ಮಾತಿಗೆ ನಾಲ್ಕು ಜನ ಸೇರುತ್ತಾರೆ.

ಹೋದ ವಾರ ಮತ್ತೆ ಸಭೆ. ಬೆಂಚು ಕಿತ್ತು ಕಾರು ನಿಲ್ಲಿಸಲು ಜಾಗ ಮಾಡಬೇಕೆಂದು ನಗರಸಭೆಯ ಹೊಸ ಸದಸ್ಯರ ಹಟ. ಎಲ್ಲರೂ ಹೂಂ ಎಂದು ತಲೆಯಾಡಿಸುತ್ತಿದ್ದಾಗ ಇವರು ಎದ್ದರು.

"ಬೆಂಚಿಗೆ ಕೈ ಹಚ್ಚೋ ಮುಂಚೆ ನನ್ನನ್ನ ಕೀಳಿ. ಈ ಬೀದಿ ಮಾಡಿದ್ದು ನಮ್ಮ ಷಡ್ಡಕ. ನಮ್ಮಂಥೋರ ಬಾಯಿಗೆ ಸಿಕ್ಕಿ, ಸೋತು ಮಾಡಿದ್ರು."

ಬೆಂಚುಗಳು ಉಳಿದವು.

ಇವರು ಮನೆಗೆ ಬಂದು ತಟ್ಟೆಯ ಮುಂದೆ ಕೂತರು. "ಅವತ್ತು ನಾನು ಹಾಗೆ ಅನ್ನಬಾರದಿತ್ತು ಕಣೇ."

"ನನಗೆ ಹೇಳಿದ್ರೆ ಏನು ಬಂತು?" ಅಂದೆ.

ಊಟ ಮುಗಿಸಿ ಕೈ ತೊಳೆದು ಬಂದು, "ಭಾನುವಾರ ಹೋಗ್ಬರ್ತೀನಿ" ಅಂದರು.

ಭಾವ, ಅವರು ಬಂದು ಬಸ್ಸಿನ ನೂಕುನುಗ್ಗಲು, ಬಿಸಿಲು ಅಂತ ಏನೇನೋ ಮಾತಾಡುತ್ತಾರೆ. ಕ್ಷಮೆ ಅನ್ನುವ ಪದಕ್ಕೆ ಕಾಯಬೇಡಿ. ಹೊರಡುತ್ತೇನೆಂದು ಎದ್ದಾಗ, "ಇವತ್ತೊಂದಿನ ಇದ್ದು ಹೋಗಿ" ಅಂದುಬಿಡಿ, ಸಾಕು. ಬದಲಿಸಲು ಬಟ್ಟೆಯಿಲ್ಲ ಎಂದು ನೆಪ ಹೇಳಿದರೆ ನಂಬಬೇಡಿ. ಅವರಿಗೆ ತಿಳಿಯದಂತೆ ಚೀಲದ ತಳದಲ್ಲಿ ಒಂದು ಜೊತೆ ಇಟ್ಟು ಕಳಿಸುತ್ತೇನೆ.

ನೀವೂ ಅಕ್ಕನೂ ನೂರು ಕಾಲ ನೆಮ್ಮದಿಯಾಗಿರಿ ಎಂದು ಹಾರೈಸುವ,

ನಿಮ್ಮ ನಾದಿನಿ